ಮಗುವಿಗೆ ಯಾವ ಬಾಲವಾಡಿ? ಕಟ್ಟಡ ಆಮೇಲೆ, ಮೊದಲು ಅಕ್ಕೋರನ್ನು ನೋಡಿ

ಪ್ರಶ್ನೆ: ನಾವು ಕಾರವಾರ ಹತ್ತಿರದ ಬಿಣಗಾದಲ್ಲಿದ್ದೇವೆ. ಮಗಳಿಗೆ ಈ ಮಾರ್ಚ್‌ನಲ್ಲಿ 3 ವರ್ಷ ತುಂಬಿತು. ಮನೆಯಲ್ಲಿ ಕೊಂಕಣಿ ಬಿಟ್ಟರೆ ಬೇರೆ ಮಾತಿಲ್ಲ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅತ್ತೆ ಮನೆಯಲ್ಲಿರುತ್ತಾರೆ. ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು ‘ಈಗಲೇ ಎಲ್‌ಕೆಜಿಗೆ ಹಾಕಿ, ಆಮೇಲೆ ಸೀಟು ಸಿಗುವುದಿಲ್ಲ’ ಅನ್ನುತ್ತಾರೆ. ಮನೆಯ ಹತ್ತಿರವೇ ಬಾಡಿಗೆ ಮನೆಯಲ್ಲಿ ನಡೆಯುವ ಒಂದು ಪ್ಲೇಹೋಮ್ ಇದೆ. ಅಂಗನವಾಡಿಗೆ ನಡೆದೇ ಹೋಗಬಹುದು. ಅತ್ತೆ ‘ಇನ್ನೊಂದು ವರ್ಷ ಮನೆಯಲ್ಲೇ ಇರಲಿ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಎಲ್‌ಕೆಜಿಯ ಮಾತು ಮುಗಿಸಿಬಿಡೋಣ. ಈ ಜೂನ್‌ನಲ್ಲಿ ಮಗಳನ್ನು ಎಲ್‌ಕೆಜಿಗೆ ಹಾಕಬೇಡಿ. 1ನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ಆದೇಶ ನಮ್ಮ ರಾಜ್ಯದಲ್ಲಿ 2022ರಲ್ಲೇ ಬಂದಿದೆ. ಪಾಲಕರ ಒತ್ತಾಯಕ್ಕೆ 2025-26ನೇ ಸಾಲಿನಲ್ಲಿ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನಿಮ್ಮ ಮಗಳು ಈಗ ಎಲ್‌ಕೆಜಿ, ಮುಂದಿನ ವರ್ಷ ಯುಕೆಜಿ ಅಂತ ಓಡಿದರೆ 1ನೇ ತರಗತಿಯ ಬಾಗಿಲಿಗೆ ಬರುವಾಗ ಅವಳಿಗೆ 5 ವರ್ಷ, ಮೇಲೆ ಎರಡು ತಿಂಗಳು ಅಷ್ಟೇ. ಸಡಿಲಿಸಿದ ವಯಸ್ಸಿಗೂ ಅದು ಸಾಲದು. ಆಗ ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಿಸುತ್ತಾರೆ. ಗೆಳತಿಯರೆಲ್ಲ ಮುಂದೆ ಹೋದರು, ತಾನೊಬ್ಬಳೇ ಯಾಕೆ ಉಳಿದೆ ಅಂತ ಮಗು ಕೇಳಿದರೆ ಹೇಳಲು ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಈ ವರ್ಷ ನರ್ಸರಿ ಅಥವಾ ಬಾಲವಾಡಿ, 4 ತುಂಬಿದ ಮೇಲೆ ಎಲ್‌ಕೆಜಿ, 5 ತುಂಬಿದ ಮೇಲೆ ಯುಕೆಜಿ ಅಂತ ಹೋದರೆ ಎಲ್ಲವೂ ತಾನಾಗಿ ಸರಿಹೊಂದುತ್ತದೆ. ಸೀಟಿನ ಹೆದರಿಕೆ ಹಾಕುವವರ ಹತ್ತಿರ ‘ಈ ಮಗುವಿಗೆ ಯಾವ ವರ್ಷ 1ನೇ ತರಗತಿ ಕೊಡುತ್ತೀರಿ, ಬರೆದು ಕೊಡಿ’ ಅನ್ನಿ. ಅನುಮಾನ ಉಳಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಆ ಸಾಲಿನ ಸುತ್ತೋಲೆ ಕೇಳಿ ನೋಡಿ.

ಇನ್ನು ಅತ್ತೆಯವರ ಮಾತು. ಅದನ್ನು ಹಳೆಯ ಕಾಲದ ಯೋಚನೆ ಎಂದು ತಳ್ಳಬೇಡಿ. ಕೇರಿಯಲ್ಲಿ ಓರಗೆಯ ಮಕ್ಕಳಿದ್ದು, ಅಂಗಳದಲ್ಲಿ ಆಡುತ್ತ, ಅಜ್ಜಿಯ ಹಿಂದೆ ಬಾವಿಕಟ್ಟೆಯಿಂದ ಬಚ್ಚಲವರೆಗೆ ಮಾತಾಡುತ್ತ ತಿರುಗುವ ಮಗು ಮೂರನೇ ವರ್ಷದಲ್ಲಿ ಶಾಲೆಯ ಮುಖ ನೋಡದಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ. ಆದರೆ ಈಗ ಎಷ್ಟೋ ಕೇರಿಗಳಲ್ಲಿ ಆಡಲು ಜೊತೆ ಇಲ್ಲ. ಅಜ್ಜಿಗೆ ಕಾಲು ನೋವು, ಮಗುವಿನ ಕೈಯಲ್ಲಿ ಮೊಬೈಲು, ಮಧ್ಯಾಹ್ನದವರೆಗೆ ಹಾಗೇ. ನಿಮ್ಮ ಮನೆಯ ಪರಿಸ್ಥಿತಿ ಯಾವುದು ಎಂದು ನಿಮಗೇ ಗೊತ್ತು. ಎರಡನೆಯದಾಗಿದ್ದರೆ ದಿನಕ್ಕೆ ಮೂರು ನಾಲ್ಕು ಗಂಟೆ ಬೇರೆ ಮಕ್ಕಳ ನಡುವೆ ಕಳೆಯುವುದು ಅವಳಿಗೆ ಒಳ್ಳೆಯದು. ಅದಕ್ಕಿಂತ ಹೆಚ್ಚು ಹೊತ್ತು ಈ ವಯಸ್ಸಿಗೆ ಬೇಕಿಲ್ಲ.

ಶಾಲೆಗೆ ಹಾಕಿದರೆ ಸಾಕು, ಮಗು ಮುಂದೆ ಬರುತ್ತದೆ ಎಂಬ ನಂಬಿಕೆಯ ಬಗ್ಗೆ ಎರಡು ಅಧ್ಯಯನಗಳನ್ನು ಹೇಳಲೇಬೇಕು. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 1967ರವರೆಗೆ ಪೆರ್ರಿ ಎಂಬ ಶಾಲೆಯಲ್ಲಿ ಬಡ ಮನೆಗಳ 123 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಒಳ್ಳೆಯ ಶಿಶುವಿಹಾರ ಸಿಕ್ಕಿತು, ಉಳಿದವರಿಗೆ ಇಲ್ಲ. ಟೀಚರು ವಾರಕ್ಕೊಮ್ಮೆ ಮಗುವಿನ ಮನೆಗೂ ಹೋಗಿ ತಾಯಿಯೊಡನೆ ಕೂತು ಮಾತಾಡುತ್ತಿದ್ದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸಿಕ್ಕಿದ ಮೇಲುಗೈ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ 40ನೇ ವಯಸ್ಸಿನಲ್ಲಿ ಹೋಗಿ ನೋಡಿದಾಗ ಶಿಶುವಿಹಾರಕ್ಕೆ ಹೋದವರಲ್ಲಿ ಹೆಚ್ಚು ಮಂದಿ ಹೈಸ್ಕೂಲು ಮುಗಿಸಿದ್ದರು, ಸಂಪಾದನೆ ಚೆನ್ನಾಗಿತ್ತು, ಪೊಲೀಸು ಕೇಸುಗಳು ಕಡಿಮೆ ಇದ್ದವು. ಅದೇ ದೇಶದ ಟೆನೆಸಿ ರಾಜ್ಯದಲ್ಲಿ ಸರ್ಕಾರವೇ ದೊಡ್ಡದಾಗಿ ನಡೆಸಿದ ಶಿಶುವಿಹಾರಗಳ ಫಲಿತಾಂಶ 2022ರಲ್ಲಿ ಪ್ರಕಟವಾಯಿತು: ಅಲ್ಲಿ ಕಲಿತ ಮಕ್ಕಳು 6ನೇ ತರಗತಿಯ ಹೊತ್ತಿಗೆ, ಸೀಟು ಸಿಗದೆ ಹೊರಗುಳಿದ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು. ಹಾಗಾಗಿ ‘ಹಾಕುವುದೋ ಬೇಡವೋ’ ಎಂಬ ಪ್ರಶ್ನೆಗಿಂತ ‘ಒಳಗೆ ಏನು ನಡೆಯುತ್ತದೆ’ ಎಂಬುದು ದೊಡ್ಡ ಪ್ರಶ್ನೆ. ಒಳಗೆ ನಡೆಯುವುದೆಲ್ಲ ಅಕ್ಕೋರ, ಅಂದರೆ ಟೀಚರ ಕೈಯಲ್ಲಿದೆ.

ಅದಕ್ಕೇ ನಾನು ಪಾಲಕರಿಗೆ ಹೇಳುವುದು: ಶಾಲೆ ತೋರಿಸಲು ಅವರು ಕರೆಯುವ ದಿನ ಬಿಟ್ಟು ಮಾಮೂಲಿ ದಿನವೊಂದರಲ್ಲಿ ಮೊದಲೇ ಕೇಳಿಕೊಂಡು ಹೋಗಿ, ಒಂದು ಬೆಳಿಗ್ಗೆ ಮೂಲೆಯಲ್ಲಿ ಸುಮ್ಮನೆ ಕೂತು ನೋಡಿ. ಒಳಗೆ ಕೂರಲು ಬಿಡುವುದೇ ಇಲ್ಲ ಎಂದರೆ ಆ ಶಾಲೆಯನ್ನು ಬಿಟ್ಟುಬಿಡಿ.

ಕೂತು ನೋಡುವುದು ಏನನ್ನು? ಅಂಕೋಲೆ ಕಡೆಯ ಒಂದು ಅಂಗನವಾಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ನಾಲ್ಕು ವರ್ಷದ ಒಬ್ಬ ಹುಡುಗ ಬಳಚಿನ ಚಿಪ್ಪುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಬೆರಳಿಟ್ಟು ಎಣಿಸುತ್ತಿದ್ದ: ‘ಏಕ, ದೋನ, ತೀನ...’ ಒಂದು ಚಿಪ್ಪನ್ನು ಎರಡು ಸಲ ಎಣಿಸಿದ, ಇನ್ನೊಂದನ್ನು ಬಿಟ್ಟ. ಅಕ್ಕೋರು ‘ತಪ್ಪು’ ಎನ್ನಲಿಲ್ಲ. ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ತೆಂಗಿನ ಕರಟ ಮುಂದೆ ಇಟ್ಟರು. ಎಣಿಸಿದ್ದನ್ನು ಇದರಲ್ಲಿ ಹಾಕುತ್ತ ಹೋಗು ಅಂದರು. ಹುಡುಗ ಒಂದೊಂದೇ ಹಾಕಿದ. ಕರಟಕ್ಕೆ ಚಿಪ್ಪು ಬಿದ್ದಾಗಲೆಲ್ಲ ಟಣ್ ಎನ್ನುತ್ತಿತ್ತು, ಆ ಸದ್ದಿಗೇ ಅವನ ಎಣಿಕೆ ನಿಧಾನವಾಯಿತು. ‘ಪಾಂಚ’ ಅಂತ ನಿಲ್ಲಿಸಿದ. ‘ಹೌದು, ಪಾಂಚ. ಐದು ಚಿಪ್ಪು. ಒಂದು ನನಗೆ ಕೊಟ್ಟರೆ?’ ಹುಡುಗ ಒಂದನ್ನು ಅವರ ಅಂಗೈಗೆ ಇಟ್ಟು, ಕರಟದಲ್ಲಿ ಉಳಿದದ್ದನ್ನು ಮತ್ತೆ ಸುರಿದು ಎಣಿಸಲು ಕೂತ. ಅಕ್ಕೋರು ಕಾದರು. ಅತ್ತ ಒಬ್ಬಳು ಮೂಗು ಸುರಿಸುತ್ತ ಬಂದು ನಿಂತಳು. ಅವಳ ಮೂಗು ಒರೆಸುತ್ತಲೇ ಕಾದರು.

ಇಷ್ಟೇ. ಆದರೆ ಅಲ್ಲಿ ಗಣಿತ ಇದೆ: ಒಂದು ವಸ್ತುವಿಗೆ ಒಂದೇ ಅಂಕೆ ಎಂಬ ತಿಳಿವು. ನೂರರವರೆಗೆ ಬಾಯಿಪಾಠ ಒಪ್ಪಿಸುವ ಎಷ್ಟೋ ಮಕ್ಕಳಿಗೆ ಆ ತಿಳಿವು ಇರುವುದಿಲ್ಲ. ಏಳು ಗೋಡಂಬಿ ತೆಗೆದುಕೊಡು ಎಂದರೆ ಹಿಡಿ ತುಂಬ ಕೊಡುತ್ತವೆ. ಅಲ್ಲಿ ಭಾಷೆ ಇದೆ: ಮಗುವಿನ ಮಾತನ್ನು ಒಪ್ಪಿಕೊಂಡು ಅದರ ಬೆನ್ನಿಗೇ ಕನ್ನಡದ ಮಾತನ್ನು ಇಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ, ಎಡವಿದ ಮಗುವಿಗೆ ಅವಮಾನವಾಗಲಿಲ್ಲ. ಇಂಥ ಅಕ್ಕೋರು ಸಿಕ್ಕಿದರೆ ಗೋಡೆಯ ಬಣ್ಣ ಉದುರಿದ್ದರೂ ಮಗುವನ್ನು ಅಲ್ಲೇ ಬಿಡಿ.

ನೀವು ಕೂತ ಆ ಬೆಳಿಗ್ಗೆ ಕಿವಿಗೊಟ್ಟು ಕೇಳಿ: ಮಾತಾಡುತ್ತಿರುವವರು ಯಾರು? ಅಕ್ಕೋರೊಬ್ಬರೇ ಮಾತಾಡಿ ಮಕ್ಕಳು ಒಕ್ಕೊರಲಿನಿಂದ ‘ಎಸ್ ಮಿಸ್’ ಎನ್ನುತ್ತಿದ್ದರೆ ಅಲ್ಲಿ ಕಲಿಕೆ ಅಷ್ಟಕ್ಕಷ್ಟೆ. ಅಳುವ ಮಗುವಿಗೆ ಏನಾಗುತ್ತದೆ? ಎತ್ತಿಕೊಳ್ಳುತ್ತಾರೋ, ‘ನೋಡು, ಯಾರೂ ಅಳುತ್ತಿಲ್ಲ, ನಿನಗೇ ಏನು’ ಎಂದು ಗದರುತ್ತಾರೋ? ಚಡ್ಡಿ ಒದ್ದೆ ಮಾಡಿಕೊಂಡವನನ್ನು ಹೇಗೆ ಕರೆದೊಯ್ಯುತ್ತಾರೆ? ಹೊಡೆಯುವ ಸದ್ದು, ಕೋಣೆಯಲ್ಲಿ ಕೂಡಿಹಾಕುವ ಬೆದರಿಕೆ ಕಿವಿಗೆ ಬಿದ್ದರೆ ಬೇರೇನನ್ನೂ ನೋಡುವುದೇ ಬೇಡ, ಎದ್ದು ಬನ್ನಿ.

ಈಗ ನಿಮ್ಮ ದೊಡ್ಡ ತಲೆಬಿಸಿ, ಕೊಂಕಣಿ. ಕಾರವಾರದಲ್ಲಿ ಇದು ಮನೆಮನೆಯ ಪ್ರಶ್ನೆ. ಭಟ್ಕಳದಲ್ಲಿ ನವಾಯತಿ ಆಡುವ ಮನೆಗಳದ್ದೂ ಇದೇ ಕಥೆ. ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲವಾಗಿ ಮಾತು ತಡವಾಗುತ್ತದೆ ಎಂಬುದು ನಿಜವಲ್ಲ. ಮನೆಯ ಭಾಷೆಯಲ್ಲಿ ಗಟ್ಟಿಯಾದ ಮಗು ಎರಡನೆಯದನ್ನೂ ಮೂರನೆಯದನ್ನೂ ಸಲೀಸಾಗಿ ಹಿಡಿಯುತ್ತದೆ. ಹೊಸ ಭಾಷೆಯ ಜಾಗಕ್ಕೆ ಹೋದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಬಾಯಿ ಬಿಡದೆ ಕೂರುವುದುಂಟು. ಅದು ದಡ್ಡತನ ಅಲ್ಲ, ಕೇಳಿಸಿಕೊಳ್ಳುವ ಕಾಲ. ಆ ಕಾಲದಲ್ಲಿ ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಎಂದು ಶಾಲೆಯವರು ಹೇಳಿದರೆ ದಯವಿಟ್ಟು ಕೇಳಬೇಡಿ. ಅಜ್ಜಿಗೆ ಬಾರದ ಭಾಷೆಯನ್ನು ಮನೆಗೆ ತಂದರೆ ಅಜ್ಜಿ ಸುಮ್ಮನಾಗುತ್ತಾರೆ. ಮಗುವಿನ ಅತಿ ದೊಡ್ಡ ಮಾತಿನ ಬುತ್ತಿ ಅಲ್ಲಿಗೆ ಮುಚ್ಚಿಹೋಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಅದರ ಬೆನ್ನಿಗೆ 2022ರ ಅಕ್ಟೋಬರ್‌ನಲ್ಲಿ ಬಂದ 3ರಿಂದ 8 ವರ್ಷದವರ ಪಠ್ಯಕ್ರಮ ಚೌಕಟ್ಟು ಎರಡೂ ಈ ವಯಸ್ಸಿಗೆ ಮನೆಮಾತಿನಲ್ಲೇ ಕಲಿಸಿ ಎನ್ನುತ್ತವೆ. ಹಾಗಾಗಿ ಅಕ್ಕೋರಿಗೋ ಸಹಾಯಕಿಗೋ ಕೊಂಕಣಿ ಬರುತ್ತದೆಯೇ ಕೇಳಿ. ‘ನೀರು ಬೇಕು’, ‘ಹೊಟ್ಟೆ ನೋವು’, ‘ಅಮ್ಮ ಬೇಕು’ ಎಂಬುದನ್ನು ಮಗು ತನ್ನ ಮಾತಿನಲ್ಲಿ ಹೇಳಿದರೆ ತಿಳಿಯುವವರು ಒಬ್ಬರಾದರೂ ಇರಲೇಬೇಕು.

ಘಟ್ಟದ ಮೇಲಿನವರಿಗೂ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಶಿರಸಿ, ಸಿದ್ದಾಪುರ ಕಡೆ ಹವ್ಯಕರ ಮಗು ‘ಆನು ಬತ್ತಿ’ ಎಂದರೆ ‘ನಾನು ಬರುತ್ತೇನೆ ಅನ್ನು’ ಎಂದು ಪ್ರತಿ ಮಾತಿಗೂ ತಿದ್ದುವ ಟೀಚರು ಇದ್ದಾರೆ. ಮೂರು ವರ್ಷದ ಮಗು ಹೀಗೆ ನಾಲ್ಕು ಸಲ ತಿದ್ದಿಸಿಕೊಂಡರೆ ಐದನೇ ಸಲ ಮಾತೇ ಆಡುವುದಿಲ್ಲ. ಗ್ರಂಥದ ಕನ್ನಡ ಬರಲು ಮುಂದೆ ಬೇಕಾದಷ್ಟು ಕಾಲವಿದೆ.

ಒಂದು ಎಚ್ಚರ ಮಾತ್ರ ಬೇಕು. ಕೊಂಕಣಿಯಲ್ಲೇ ಮಗು ಮೂರಕ್ಕೆ ಮೂರು ಮಾತು ಜೋಡಿಸಿ ಆಡುವುದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ ಎಂದಾದರೆ ಅದನ್ನು ಭಾಷೆಯ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಕಾರವಾರದ ಕ್ರಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಬರವಣಿಗೆಯ ವಿಷಯ. ಪೇಟೆಯ ಶಾಲೆಗಳ ನರ್ಸರಿಯಲ್ಲಿ ನಾಲ್ಕು ಗೆರೆಯ ಪಟ್ಟಿ ತುಂಬ ಎಬಿಸಿಡಿ ತಿದ್ದಿಸಿ, ಪಾಲಕರಿಗೆ ತೋರಿಸುತ್ತಾರೆ, ಅವರೂ ಖುಷಿಪಡುತ್ತಾರೆ. ಮನುಷ್ಯನ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಮೂರು ವರ್ಷದ ಮಗುವಿಗೆ ಅವುಗಳಲ್ಲಿ ಹೆಚ್ಚೆಂದರೆ ಮೂರ್ನಾಲ್ಕು ಮಾತ್ರ ಎಲುಬಾಗಲು ತೊಡಗಿರುತ್ತವೆ, ಉಳಿದದ್ದು ಇನ್ನೂ ಮೆದು. ಆ ಕೈಗೆ ಬೇಕಾದ್ದು ಪೆನ್ಸಿಲ್ಲಲ್ಲ: ಹಿಟ್ಟು ಮಿದಿಯುವುದು, ಮಣ್ಣು ಕಲಸುವುದು, ಮಣಿ ಪೋಣಿಸುವುದು, ಬಟಾಣಿ ಸುಲಿಯುವುದು, ಒದ್ದೆ ಬಟ್ಟೆ ಹಿಂಡುವುದು, ದಪ್ಪ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚುವುದು. ಇವು ಮಾಡಿದ ಕೈ ಐದೂವರೆಗೆ ಬರೆಯಲು ಕೂತರೆ ತಿಂಗಳಲ್ಲಿ ಬರೆಯುತ್ತದೆ. ಮೂರಕ್ಕೆ ಹೋಮ್‌ವರ್ಕ್ ಕೊಡುವ ಶಾಲೆ, ಪರೀಕ್ಷೆ ಮಾಡಿ ರ‍್ಯಾಂಕು ಹೇಳುವ ಶಾಲೆ, ನನ್ನ ಮಟ್ಟಿಗೆ ಅಷ್ಟಕ್ಕೇ ಪಟ್ಟಿಯಿಂದ ಹೊರಗೆ.

‘ನಮ್ಮಲ್ಲಿ ಸ್ಮಾರ್ಟ್ ಕ್ಲಾಸ್ ಇದೆ’ ಎಂಬುದಕ್ಕೂ ಮರುಳಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 3-4 ವರ್ಷದ ಮಗು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಓಡಿ ಕುಣಿದು ಏದುಸಿರು ಬರುವಂತಿರಬೇಕು; ಪರದೆ ಒಂದು ಗಂಟೆ ಮೀರಬಾರದು. ಆ ಒಂದು ಗಂಟೆ ಮನೆಯಲ್ಲೇ ಖರ್ಚಾಗಿರುತ್ತದೆ.

ನಮ್ಮ ಕರಾವಳಿಯಲ್ಲಿ ಈ ಓಡಾಟಕ್ಕೊಂದು ದೊಡ್ಡ ಅಡ್ಡಿ ಮಳೆ. ಶಾಲೆ ಶುರುವಾಗುವ ಜೂನ್‌ಗೇ ಅದೂ ಶುರು. ಏಪ್ರಿಲ್‌ನಲ್ಲಿ ನೋಡಿದ ಚಂದದ ಅಂಗಳ ಸೆಪ್ಟೆಂಬರ್‌ವರೆಗೆ ಕೆಸರು. ಆಗ ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಕೇಳಲೇಬೇಕು. ಉದ್ದನೆಯ ಜಗುಲಿಯೋ ಮೇಲೆ ಶೀಟು ಹೊದಿಸಿದ ಜಾಗವೋ ಇರಬೇಕು. 2013ರ ರಾಷ್ಟ್ರೀಯ ಶಿಶುಪಾಲನೆ ಮತ್ತು ಶಿಕ್ಷಣ ನೀತಿಯ ಲೆಕ್ಕದಲ್ಲಿ 30 ಮಕ್ಕಳಿಗೆ 35 ಚದರ ಮೀಟರ್ ಕೋಣೆ, 30 ಚದರ ಮೀಟರ್ ಹೊರಾಂಗಣ ಕನಿಷ್ಠ; 3ರಿಂದ 6 ವರ್ಷದ 20 ಮಕ್ಕಳಿಗೆ ದೊಡ್ಡವರೊಬ್ಬರು ಇರಬೇಕು. ಮೀಟರು ಅಳೆಯುವುದು ಆಗದಿದ್ದರೂ ತಲೆ ಎಣಿಸುವುದು ನಿಮ್ಮ ಕೈಯಲ್ಲಿದೆ.

ಸುರಕ್ಷತೆ ನೋಡುವಾಗ ನಮ್ಮ ನೆಲದ ಅಪಾಯಗಳನ್ನೇ ನೋಡಿ. ಬಾವಿಗೆ ಕಟ್ಟೆ ಮಾತ್ರ ಸಾಲದು, ಮೇಲೆ ಕಬ್ಬಿಣದ ಜಾಲರಿ ಇದೆಯೇ? ಆಟದ ಜಾಗದ ಮೇಲೆ ತೆಂಗಿನ ಮರ ಬಾಗಿದೆಯೇ? ಕಾಯಿ ಇಳಿಸದ ಮರದ ಕೆಳಗೆ ಜೋಕಾಲಿ ಕಟ್ಟಿದ್ದನ್ನು ನಾನು ಕಂಡಿದ್ದೇನೆ. ಹಿಂದೆ ಕಡಿದ ಧರೆ ಇದೆಯೇ? 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಇದನ್ನು ಕೇಳಲು ಯಾರೂ ನಾಚಿಕೆಪಡಬೇಕಿಲ್ಲ. ಗೇಟಿನ ಚಿಲಕ ಮಗುವಿನ ಕೈಗೆ ಎಟಕುತ್ತದೆಯೇ, ಗೇಟು ತೆರೆದರೆ ನೇರ ಹೆದ್ದಾರಿಯೇ? ಶೌಚಾಲಯದಲ್ಲಿ ನೀರು, ಸೋಪು ಇದೆಯೇ, ಮಗುವನ್ನು ಅಲ್ಲಿಗೆ ಒಯ್ಯುವವರು ಯಾರು? ಡ್ರೈವರ್, ಆಯಾ ಸೇರಿ ಎಲ್ಲರ ಪೊಲೀಸ್ ಪರಿಶೀಲನೆ ಆಗಿದೆಯೇ? ಮಗುವನ್ನು ನೀವು ಹೇಳಿದವರ ಕೈಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ ತಾನೇ? ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದ ದಿನ, ಮಧ್ಯಾಹ್ನವೇ ಶಾಲೆ ಬಿಟ್ಟ ದಿನ ನಿಮಗೆ ಯಾರು ಫೋನ್ ಮಾಡುತ್ತಾರೆ? ಏನಾದರೂ ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ.

ಬಿಣಗಾದಿಂದ ಪೇಟೆಗೆ ಎಂದರೆ ಹೆದ್ದಾರಿ 66ರ ಮೇಲೆ ಸುರಂಗ ದಾಟಿ ಹೋಗಬೇಕು. ವ್ಯಾನಿನಲ್ಲಿ ಸೀಟು ಎಷ್ಟು, ಮಕ್ಕಳು ಎಷ್ಟು ಎಂದು ಎಣಿಸಿ. ಮಕ್ಕಳನ್ನು ಹತ್ತಿಸಿ ಇಳಿಸಲು ಡ್ರೈವರ್ ಅಲ್ಲದೆ ಇನ್ನೊಬ್ಬರು ಇರಬೇಕು. ನೀವೇ ಸ್ಕೂಟಿಯಲ್ಲಿ ಬಿಡುವುದಾದರೆ, 4 ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ನಿಮ್ಮ ಮೈಗೆ ಬಿಗಿಯುವ ಸುರಕ್ಷತಾ ಪಟ್ಟಿ, ಗಂಟೆಗೆ 40 ಕಿ.ಮೀ. ಮೀರದ ವೇಗ ಎಂಬ ನಿಯಮ 2023ರಿಂದ ಜಾರಿಯಲ್ಲಿದೆ. ಮುಂದೆ ನಿಲ್ಲಿಸಿಕೊಂಡು ಹೋಗುವ ರೂಢಿ ಬಿಡಿ.

ಇನ್ನು ನಿಮ್ಮ ಮೂರು ದಾರಿಗಳು. ಪೇಟೆಯ ಶಾಲೆ ಈ ವರ್ಷ ಬೇಡ: ವಯಸ್ಸಿನ ಲೆಕ್ಕ ತಪ್ಪುತ್ತದೆ, ದಾರಿ ದೂರ, ಭಾಷೆ ಹೊಸದು, ಮೂರೂ ಒಟ್ಟಿಗೆ ಮಗುವಿನ ತಲೆ ಮೇಲೆ ಬೀಳುತ್ತವೆ.

ಅಂಗನವಾಡಿಯನ್ನು ಬಡವರ ಊಟದ ಜಾಗ ಎಂದು ಮುಖ ಸಿಂಡರಿಸುವವರು ಬಹಳ. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯಲ್ಲಿ ಊಟ, ಚುಚ್ಚುಮದ್ದು, ತೂಕ ನೋಡುವುದರ ಜೊತೆಗೆ 3ರಿಂದ 6 ವರ್ಷದವರಿಗೆ ಶಾಲಾಪೂರ್ವ ಶಿಕ್ಷಣವೂ ಮೊದಲಿನಿಂದ ಇದೆ. 2023ರಿಂದ ‘ಪೋಷಣ್ ಭಿ ಪಢಾಯಿ ಭಿ’ ಹೆಸರಿನಲ್ಲಿ ಕಾರ್ಯಕರ್ತೆಯರಿಗೆ ಆಟದ ಮೂಲಕ ಕಲಿಸುವ ತರಬೇತಿ ನಡೆದಿದೆ. ಅಕ್ಕೋರು ನಿಮ್ಮೂರಿನವರೇ, ಮಗುವಿನ ಮಾತು ಅವರಿಗೆ ಗೊತ್ತು, ಮನೆ ಗೊತ್ತು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡ ಮಕ್ಕಳ ಊರಿನ ಹತ್ತಿರಕ್ಕೇ ಶಾಲೆ ತಂದ ಜಿಲ್ಲೆ ಇದು. ಹತ್ತಿರದ ಶಾಲೆಯ ಬೆಲೆ ನಮಗೆ ಗೊತ್ತಿರಬೇಕು. ಅಂಗನವಾಡಿಯ ನಿಜವಾದ ತೊಂದರೆ ಬೇರೆ. ಸಮೀಕ್ಷೆ, ಪೋಷಣ್ ಟ್ರ್ಯಾಕರ್ ಆ್ಯಪು, ಮತದಾರರ ಪಟ್ಟಿ, ಸಭೆ ಅಂತ ಆ ಹೆಂಗಸಿನ ಮೇಲೆ ಹೊರಿಸದ ಕೆಲಸವಿಲ್ಲ. ಅವರು ಹೊರಗಿದ್ದ ದಿನ ಸಹಾಯಕಿ ಅಡುಗೆಯನ್ನೂ ಮಕ್ಕಳನ್ನೂ ಒಟ್ಟಿಗೆ ನೋಡಬೇಕು. ಬೇರೆ ಬೇರೆ ವಾರ ಒಂದೆರಡು ಸಲ ಹೋಗಿ ನೋಡಿ: ಬೆಳಿಗ್ಗೆ ಎರಡು ಗಂಟೆಯಾದರೂ ಹಾಡು, ಕತೆ, ಆಟ ನಡೆಯುತ್ತದೆಯೇ, ಆಟದ ಸಾಮಾನು ಮಕ್ಕಳ ಕೈಗೆ ಸಿಗುತ್ತದೆಯೇ ಅಥವಾ ಹೊಸದಾಗಿಯೇ ಕಪಾಟಿನಲ್ಲಿ ಬೀಗ ಹಾಕಿಕೊಂಡಿದೆಯೇ? ನಡೆಯುತ್ತಿದ್ದರೆ ಈ ವರ್ಷಕ್ಕೆ ನನ್ನ ಸಲಹೆ ಅಂಗನವಾಡಿಯೇ. ಮಧ್ಯಾಹ್ನ ಉಂಡ ಮೇಲೆ ಅತ್ತೆಯವರು ಕರೆದುಕೊಂಡು ಬರಲಿ, ಮಗು ಮನೆಯಲ್ಲಿ ನಿದ್ದೆ ಮಾಡಲಿ.

ನಡೆಯುತ್ತಿಲ್ಲ ಎಂದಾದರೆ ಪ್ಲೇಹೋಮ್. ಅಲ್ಲಿ ಶಿಕ್ಷಣ ಇಲಾಖೆಯ ನೋಂದಣಿ ಕೇಳಿ. ಟೀಚರು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ ಎಂದು ಕೇಳಿ. ಸಂಬಳ ಸಾಲದೆ ವರ್ಷದಲ್ಲಿ ಮೂವರು ಬದಲಾಗುವ ಕಡೆ ಮಗು ಯಾರನ್ನು ನಂಬಬೇಕು? ಬೋರ್ಡಿನ ಮೇಲೆ ಮಾಂಟೆಸ್ಸರಿ ಎಂದಿದ್ದರೆ ಅದಕ್ಕೇ ಸೋಲಬೇಡಿ. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ತರಬೇತಿ ಕೊಟ್ಟವರು. ಆದರೆ ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳಬಹುದು. ಟೀಚರು ಎಲ್ಲಿ ತರಬೇತಿ ಪಡೆದರು, ಸಾಮಗ್ರಿ ಮಗುವಿಗೆ ಎಟಕುವ ತಗ್ಗಿನ ಕಪಾಟಿನಲ್ಲಿದೆಯೇ, ತನಗೆ ಬೇಕಾದ್ದನ್ನು ಮಗುವೇ ಆರಿಸಿ ತೆಗೆಯುತ್ತದೆಯೇ, ಇಷ್ಟು ನೋಡಿದರೆ ಸತ್ಯ ತಿಳಿಯುತ್ತದೆ. ಫೀ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ, ಇಡೀ ವರ್ಷದ್ದನ್ನು ಒಟ್ಟಿಗೆ ಕಟ್ಟಬೇಡಿ.

ಸೇರಿಸುವ ಮೊದಲು ಮೇ ತಿಂಗಳಲ್ಲೇ ಅತ್ತೆಯವರ ಜೊತೆ ಸಂಜೆ ಆ ದಾರಿಯಲ್ಲಿ ನಡೆದಾಡಿಸಿ. ಮೊದಲ ವಾರ ಮನೆಯವರೊಬ್ಬರು ಒಳಗೆ ಇರಲಿ, ಗಂಟೆಯಿಂದ ಗಂಟೆಗೆ ಏರಿಸಿ. ಕಣ್ಣು ತಪ್ಪಿಸಿ ಓಡಬೇಡಿ; ‘ಗಂಜಿ ಉಂಡಾದ ಮೇಲೆ ಅಜ್ಜಿ ಬರ್ತಾರೆ’ ಎಂದು ಹೇಳಿ, ಹೇಳಿದ ಹೊತ್ತಿಗೆ ಸರಿಯಾಗಿ ಬನ್ನಿ. ಚೀಲದಲ್ಲಿ ಎರಡು ಜೊತೆ ಒಣ ಬಟ್ಟೆ, ಒಂದು ಟವೆಲು ಇರಲಿ. ಜ್ವರ ಬಂದರೆ ಇಳಿದು ಒಂದು ದಿನ ಕಳೆಯುವವರೆಗೆ ಕಳಿಸಬೇಡಿ, ಮಳೆಗಾಲದಲ್ಲಿ ಒಂದು ಮಗುವಿನ ನೆಗಡಿ ಎಲ್ಲರ ಮನೆಗೂ ಹೋಗುತ್ತದೆ. ಬಿಟ್ಟು ಬರುವಾಗ ಅತ್ತು ಹತ್ತು ನಿಮಿಷಕ್ಕೆ ಆಟಕ್ಕೆ ಸೇರಿದರೆ ಚಿಂತೆ ಬೇಡ. ತಿಂಗಳು ಕಳೆದರೂ ಇಡೀ ಹೊತ್ತು ಅಳು, ರಾತ್ರಿ ಬೆಚ್ಚಿ ಏಳುವುದು, ಉಣ್ಣದಿರುವುದು ನಿಲ್ಲದಿದ್ದರೆ ಅಕ್ಕೋರ ಹತ್ತಿರ ಬಿಚ್ಚಿ ಮಾತಾಡಿ, ಕಾರಣ ತಿಳಿಯದಿದ್ದರೆ ಬಿಡಿಸಿ ಮನೆಯಲ್ಲಿಟ್ಟುಕೊಳ್ಳಿ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಮತ್ತೆ ಕಳಿಸಿ ನೋಡಬಹುದು. ಮುಂದಿನ ಜೂನ್‌ನ ಎಲ್‌ಕೆಜಿಗೆ ಅದರಿಂದ ಏನೂ ತೊಂದರೆಯಿಲ್ಲ.